ತರತಮಭಾವವೂ ಇಂಗ್ಲಿಷ್ ಕಲಿಯುವ ಮಕ್ಕಳೂ

ಶ್ರೀಮಧ್ವಾಚಾರ್ಯರ ಮತವು ತಾರತಮ್ಯವನ್ನು ಸಾರುವುದರಿಂದ ಆ ಶಬ್ದವನ್ನು ಕೇಳದ ಮನೆಯು ನಮ್ಮ ಉಡುಪಿ ಕುಂದಾಪುರಗಳ ಸೀಮೆಯಲ್ಲಿ ವಿರಳವೆನ್ನಬಹುದು. ಆದರೆ ಅದು 'ತರ', 'ತಮ' ಎಂಬ ಎರಡು ಪ್ರತ್ಯಯಗಳ ಕೂಟದಿಂದ ಹುಟ್ಟಿತೆಂಬುದನ್ನೂ, ಆ ತರತಮಗಳೇ ಇಂಗ್ಲಿಷ್ ಪುಸ್ತಕವನ್ನು ಹಿಡಿದು ಕುಳಿತ ನಮ್ಮ ಮಕ್ಕಳನ್ನು ಎಡವಿಸುತ್ತಿರುವುವೆಂಬುದನ್ನೂ ಗೃಹಸ್ಥರು ಅಷ್ಟಾಗಿ ಗಮನಿಸಿದಂತಿಲ್ಲ.

ತಲ್ಲೂರಿನ ಬಾಲಕನು 'ಈ ತೆಂಗು ಆ ತೆಂಗಿಗಿಂತ ಹೆಚ್ಚು ಎತ್ತರ' ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ 'ಮೋರ್ ಟಾಲರ್' ಎಂದು ಬರೆಯುವನು. ತಪ್ಪೆಂಬುದೇನೋ ನಿಜ, ಆದರೆ ಮೌಢ್ಯವಲ್ಲ. ತರತಮಕ್ಕಾಗಿ ಕನ್ನಡದ ಶಬ್ದವು ರೂಪವನ್ನು ಬದಲಿಸದು. ಎತ್ತರವು ಎತ್ತರವೇ, ಭೇದವನ್ನೆಲ್ಲ ಹೊರುವುದು 'ಗಿಂತ' ಎಂಬ ಪುಟ್ಟ ಮಾತು, ಬೇಕಾದರೆ ಅದರೊಡನೆ 'ಹೆಚ್ಚು'. ಹುಡುಗನು ಆ 'ಹೆಚ್ಚ'ನ್ನು 'ಮೋರ್' ಮಾಡಿದನು. ಉಪಾಧ್ಯಾಯರು ಕಲಿಸಿದ 'ಅರ್' ಪ್ರತ್ಯಯವನ್ನೂ ಬಿಡಲಾರದೆ ಎರಡನ್ನೂ ಇಟ್ಟನು. ಇದಕ್ಕಾಗಿ ಅವನನ್ನು ಒಡಹುಟ್ಟಿದವರ ಮುಂದೆ ನಗೆಗೀಡುಮಾಡುವುದು ತರವಲ್ಲ. ಹಾಗೆ ನಾಚಿದ ಮಗುವು ಬಾಯಿ ತೆರೆಯುವುದನ್ನೇ ಬಿಡುವುದು. ಬಾಯಿ ತೆರೆಯದೆ ಯಾವ ಭಾಷೆಯೂ ಬಾರದು.

ಅವನು ಬಲ್ಲ ಶಬ್ದಗಳಿಂದಲೇ ದಾರಿಯನ್ನು ತೋರಬಹುದು. ಸಂಸ್ಕೃತದ 'ಸ್ವಾದು' ಶಬ್ದಕ್ಕೆ ಸ್ವಾದೀಯಸ್, ಸ್ವಾದಿಷ್ಠ ಎಂಬ ರೂಪಗಳುಂಟು. ಇಂಗ್ಲಿಷಿನಲ್ಲಿ ಸ್ವೀಟ್, ಸ್ವೀಟರ್, ಸ್ವೀಟೆಸ್ಟ್. ಇದು ಆಕಸ್ಮಿಕವಾದ ಸಾಮ್ಯವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಮೂಲವೊಂದೇ ಇರಬೇಕೆಂದು ಸರ್ ವಿಲಿಯಂ ಜೋನ್ಸರು ೧೭೮೬ರಲ್ಲಿ ಕಲಕತ್ತೆಯಲ್ಲಿ ಹೇಳಿದರು. ಇಂಗ್ಲಿಷೂ ಆ ಕುಲದ್ದೇ. ಗರಿಷ್ಠ, ಕನಿಷ್ಠ, ಜ್ಯೇಷ್ಠ, ಬಲಿಷ್ಠಗಳಲ್ಲಿರುವ 'ಇಷ್ಠ'ವೇ ಅಲ್ಲಿಯ 'ಎಸ್ಟ್'. ಎರಡರೊಳಗೆ ಹೋಲಿಸುವಾಗ ತರ, ಈಯಸ್. ಹಲವರೊಳಗೆ ಎತ್ತಿ ಹೇಳುವಾಗ ತಮ, ಇಷ್ಠ ಎಂದು ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ವಿಧಿಸಿರುವನು. ಇಂಗ್ಲಿಷಿನ ನಿಯಮವೂ ಅದೇ. 'ಗುಡ್' ಎಂಬುದು ಬೆಟರ್, ಬೆಸ್ಟ್ ಆದಾಗ ಮೂಲಶಬ್ದವೇ ಮಾಯವಾಯಿತಲ್ಲಾ ಎಂದು ಮಗುವು ಕೇಳಿದರೆ, 'ಪ್ರಶಸ್ಯ'ವು ಶ್ರೇಯಸ್, ಶ್ರೇಷ್ಠ ಆದುದನ್ನು ಹೇಳಿರಿ.

ಕನ್ನಡಕ್ಕೆ ಬಂದ ಮೇಲೆ ಈ ಶಬ್ದಗಳು ತಮ್ಮ ಪದವಿಯನ್ನು ಮರೆತಿರುವುದು ವಿನೋದವೇ ಸರಿ. 'ಉತ್ತಮ'ದಲ್ಲಿ 'ತಮ' ಉಂಟು, ಅದರಾಚೆಗೆ ಏರಲು ಮೆಟ್ಟಿಲಿಲ್ಲ. ಆದರೂ ಶಾಲೆಯ ಪಟ್ಟಿಯಲ್ಲಿ ಅದಕ್ಕಿಂತ 'ಅತ್ಯುತ್ತಮ' ಮೇಲು. 'ಶ್ರೇಷ್ಠತಮ'ವಂತೂ ಯಜುರ್ವೇದದಲ್ಲಿಯೇ ಉಂಟು. ಷೇಕ್ಸ್‌ಪಿಯರ್ ಮಹಾಕವಿಯೂ 'ಮೋಸ್ಟ್' ಇಟ್ಟ ಶಬ್ದಕ್ಕೆ 'ಎಸ್ಟ್' ಹಚ್ಚಿದವನೇ! ನಮ್ಮ ಬಾಲಕನ ಸಹವಾಸವು ಕೆಟ್ಟದ್ದೇನಲ್ಲ. ಆದರೆ ಪರೀಕ್ಷಕರು ಆ ಸಲಿಗೆಯನ್ನು ಅವನಿಗೆ ಕೊಡರು. ಚಿಕ್ಕ ಶಬ್ದಕ್ಕೆ ಪ್ರತ್ಯಯ, 'ಬ್ಯೂಟಿಫುಲ್' ಮೊದಲಾದ ಉದ್ದ ಶಬ್ದಕ್ಕೆ ಮೋರ್, ಮೋಸ್ಟ್. ಎರಡೂ ಕೂಡಿ ಬರಕೂಡದು. ಸೀನಿಯರ್, ಜೂನಿಯರ್ ಎಂಬ ಲ್ಯಾಟಿನ್ ಶಬ್ದಗಳ ಮುಂದೆ 'ದ್ಯಾನ್' ಸಲ್ಲದು, 'ಟು' ಬರಬೇಕು.

ಇನ್ನೊಂದು ತೊಡಕು ಸೂಕ್ಷ್ಮವಾದುದು. ದೊಡ್ಡವರೂ ಇಲ್ಲಿ ಜಾರುವುದುಂಟು. ನಮ್ಮ ಈಶಾನ್ಯಕ್ಕಿರುವ ಕೊಡಚಾದ್ರಿಯ ಎತ್ತರ ೧೩೪೩ ಮೀಟರು. ಕುದುರೆಮುಖ ಸುಮಾರು ೧೮೯೦. ಮುಳ್ಳಯ್ಯನಗಿರಿ ಸುಮಾರು ೧೯೩೦. ಮೊದಲಿನೆರಡನ್ನು ಹೋಲಿಸುವುದು ಸುಲಭ. 'ಮುಳ್ಳಯ್ಯನಗಿರಿ ಕರ್ನಾಟಕದ ಎಲ್ಲ ಬೆಟ್ಟಗಳಿಗಿಂತ ಎತ್ತರ' ಎಂದರೂ ಕನ್ನಡಕ್ಕೆ ದೋಷವಿಲ್ಲ. ಆದರೆ ಇಂಗ್ಲಿಷ್ ವೈಯಾಕರಣನು ಕೇಳುವನು: ಅದೂ ಆ ಬೆಟ್ಟಗಳಲ್ಲಿ ಒಂದಷ್ಟೆ, ತನಗಿಂತ ತಾನೇ ಎತ್ತರವೆ? ಆದುದರಿಂದ 'ದ್ಯಾನ್ ಎನಿ ಅದರ್' ಎಂದು 'ಅದರ್' ಶಬ್ದವನ್ನು ಸೇರಿಸಬೇಕು. ಇಲ್ಲವೆ 'ದಿ ಹೈಯೆಸ್ಟ್' ಎನ್ನಬೇಕು. ಆ 'ದಿ'ಗೆ ಸರಿಯಾದ ಮಾತು ಕನ್ನಡದಲ್ಲಿಲ್ಲದ ಕಾರಣ ಮಕ್ಕಳು ಅದನ್ನು ಬಿಟ್ಟುಬಿಡುವರು.

ಇವನ್ನೆಲ್ಲ ಬಾಯಿಪಾಠ ಮಾಡಿಸಬೇಕಾದುದಿಲ್ಲ. ಸಂಜೆಗೆ ಅಂಗಳದ ಮೂರು ತೆಂಗುಗಳನ್ನು ತೋರಿಸಿ ಎತ್ತರವನ್ನು ಹೇಳಿಸಿರಿ. ಬಳಿಕ ಮನೆಯ ಮಕ್ಕಳ ವಯಸ್ಸನ್ನು. ಅಲ್ಲಿ ಮಾತ್ರ ಸ್ವಲ್ಪ ಎಚ್ಚರವಿರಲಿ: ಅಕ್ಕನು 'ಎಲ್ಡರ್ ಸಿಸ್ಟರ್' ಆಗಬಹುದು, ಆದರೆ ತಮ್ಮನಿಗಿಂತ ಹಿರಿಯಳೆನ್ನುವಾಗ ಅವಳು 'ಓಲ್ಡರ್ ದ್ಯಾನ್' ಆಗಿಯೇ ಇರಬೇಕು.