ಬರ್ಮಂಡ್ಸಿಗೆ ಬಿಸಿಲು ತಂದ ಪುರಸಭೆ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಗೆ ಅಂಟಿಕೊಂಡಿರುವ ಬರ್ಮಂಡ್ಸಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಡಗುಕಟ್ಟೆ, ಚರ್ಮ ಹದಮಾಡುವ ಅಂಗಳ, ಬಿಸ್ಕತ್ತು ಮತ್ತು ಜಾಮಿನ ಕಾರ್ಖಾನೆಗಳಿಂದ ಇಡಿಕಿರಿದ ಬಡಾವಣೆಯಾಗಿತ್ತು. ಕಲ್ಲಿದ್ದಲ ಹೊಗೆ ಬಿಸಿಲನ್ನು ತಡೆಯುತ್ತಿದ್ದ ಅಲ್ಲಿನ ಇಕ್ಕಟ್ಟಿನ ಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಮಲಗುವವರ ನಡುವೆ ಕ್ಷಯವು ಉಸಿರಿನ ಮೂಲಕ ಸುಲಭವಾಗಿ ಹಬ್ಬುತ್ತಿತ್ತು. ರಾಬರ್ಟ್ ಕಾಖ್ 1882ರಲ್ಲಿಯೇ ಕ್ಷಯದ ರೋಗಾಣುವನ್ನು ಗುರುತಿಸಿದ್ದರೂ ಅದನ್ನು ಕೊಲ್ಲುವ ಔಷಧ ಇನ್ನೂ ದೊರೆತಿರಲಿಲ್ಲವಾದ್ದರಿಂದ, ಗಾಳಿ, ಬೆಳಕು, ಪುಷ್ಟಿಕರ ಆಹಾರ ಮತ್ತು ವಿಶ್ರಾಂತಿಯೇ ಚಿಕಿತ್ಸೆಯೆನಿಸಿದ್ದವು. ಬಡವರಿಗೆ ಎಟುಕದಿದ್ದವೂ ಅವೇ.

1922ರಲ್ಲಿ ಲೇಬರ್ ಪಕ್ಷವು ಬರ್ಮಂಡ್ಸಿಯ ಪುರಸಭೆಯನ್ನು ಗೆದ್ದಾಗ ಏಡಾ ಸಾಲ್ಟರ್ ಮೇಯರ್ ಆದರು. ಅವರ ಪತಿ, ಅಲ್ಲಿಯೇ ನೆಲೆಸಿ ಬಡವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಆಲ್ಫ್ರೆಡ್ ಸಾಲ್ಟರ್, ಅದೇ ವರ್ಷ ಸಂಸತ್ತನ್ನು ಪ್ರವೇಶಿಸಿದರು. ಆಗ ಸ್ವಿಟ್ಜರ್ಲೆಂಡಿನ ಲೇಸಾಂ ಎಂಬ ಬೆಟ್ಟದೂರಿನಲ್ಲಿ ಡಾ. ರೋಲಿಯೆ ಕ್ಷಯರೋಗಿಗಳಿಗೆ ಸೂರ್ಯಚಿಕಿತ್ಸೆ ನಡೆಸುತ್ತಿದ್ದರು: ಮೊದಲ ದಿನ ಪಾದಗಳಿಗಷ್ಟೇ ಕೆಲವು ನಿಮಿಷ ಬಿಸಿಲು ತಾಕಿಸಿ, ದಿನದಿಂದ ದಿನಕ್ಕೆ ಅದನ್ನು ಮೇಲಕ್ಕೆ ಏರಿಸುತ್ತ ಹೋಗುವುದು ಅವರ ಕ್ರಮವಾಗಿತ್ತು. 1924ರಲ್ಲಿ ಪುರಸಭೆಯು ಅಲ್ಲಿ ಆರು ಹಾಸಿಗೆಗಳನ್ನು ಬಾಡಿಗೆಗೆ ಪಡೆದು ತನ್ನ ರೋಗಿಗಳನ್ನು ಕಳುಹಿಸಿತು.

ಆರು ಹಾಸಿಗೆಗಳು ಇಡೀ ಬಡಾವಣೆಗೆ ಸಾಲುವಂತಿರಲಿಲ್ಲ. ರೋಗಿಯನ್ನು ಬಿಸಿಲಿನ ಬಳಿಗೆ ಒಯ್ಯುವ ಬದಲು ಬಿಸಿಲನ್ನೇ ರೋಗಿಯ ಬಳಿಗೆ ತರುವ ಯತ್ನವಾಗಿ 1926ರಲ್ಲಿ ಗ್ರೇಂಜ್ ರಸ್ತೆಯಲ್ಲಿ ಸೋಲೇರಿಯಂ, ಅಂದರೆ ಬೆಳಕಿನ ಚಿಕಿತ್ಸಾಲಯ, ತೆರೆಯಿತು. ಬ್ರಿಟನ್ನಿನ ಪುರಸಭೆಗಳ ಪೈಕಿ ಇಂತಹದು ಇದೇ ಮೊದಲನೆಯದು. ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳನ್ನು ವಿದ್ಯುದ್ದೀಪಗಳಿಂದ ಹೊಮ್ಮಿಸುವ ಈ ವಿಧಾನದ ಬೇರು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ರ ಪ್ರಯೋಗಗಳಲ್ಲಿತ್ತು. ಆದರೆ ಗ್ರಂಥಿ, ಮೂಳೆ, ಚರ್ಮಗಳ ಕ್ಷಯಕ್ಕೆ ಒದಗುತ್ತದೆಂದು ನಂಬಲಾಗಿದ್ದ ದೀಪದಿಂದ ಶ್ವಾಸಕೋಶದ ಕ್ಷಯ ಹಬ್ಬುವುದನ್ನು ತಡೆಯುವಂತಿರಲಿಲ್ಲ.

ಆದ್ದರಿಂದ ಪುರಸಭೆಯ ಕೆಲಸ ಚಿಕಿತ್ಸಾಲಯದ ಹೊಸ್ತಿಲಿಗೆ ನಿಲ್ಲಲಿಲ್ಲ. ಏಡಾ ಅವರ ಮುಂದಾಳತ್ವದಲ್ಲಿ ಬೀದಿಗಳಲ್ಲಿ ಮರಗಳನ್ನು ನೆಡಲಾಯಿತು, ಹಳೆಯ ಕೇರಿಗಳನ್ನು ಕೆಡವಿದ ಕಡೆ ತೋಟವುಳ್ಳ ಮನೆಗಳು ಎದ್ದವು. ಆರೋಗ್ಯ ಇಲಾಖೆಯು ತಾನೇ ಮೂಕಿ ಚಿತ್ರಗಳನ್ನು ತಯಾರಿಸಿ ವ್ಯಾನಿನಲ್ಲಿ ಕೇರಿಗೆ ಒಯ್ದು, ಬೀದಿದೀಪದ ಕಂಬದಿಂದಲೇ ವಿದ್ಯುತ್ತು ಪಡೆದು ಪ್ರದರ್ಶಿಸುತ್ತಿತ್ತು. ಸೋಪು, ಹಾಲು, ತೆರೆದ ಕಿಟಕಿಗಳ ವಿಚಾರ ಹೀಗೆ ಮನೆಬಾಗಿಲಿಗೇ ಬಂತು.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಕ್ಷಯದ ಚಿಕಿತ್ಸೆಯು ಮದ್ದಿನ ಹಾದಿ ಹಿಡಿಯಿತು, ದೀಪಗಳು ಮೂಲೆ ಸೇರಿದವು. ಆದರೆ ಮದ್ದು ಮನೆಯ ಗೋಡೆಗೆ ಕಿಟಕಿ ಇಡಲಾರದು. ಆ ಪಾಲು ಪುರಸಭೆಯದೆಂದು ಬರ್ಮಂಡ್ಸಿ ಒಪ್ಪಿಕೊಂಡಿತ್ತು.