ಕಂಪವಾತಕ್ಕೆ ಚೀನದ ನಿಧಾನ ನಡೆ

ಕಳೆದ ಮಳೆಗಾಲದ ಆರಂಭದಲ್ಲಿ ನಾವು ಬನವಾಸಿಯ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಬಹುಕಾಲದ ಪರಿಚಯದ ಹಿರಿಯರೊಬ್ಬರು ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಬಲಗೈಯ ಹೆಬ್ಬೆರಳು ತೋರುಬೆರಳುಗಳು ವಿಭೂತಿಯನ್ನು ಉಜ್ಜುವವರಂತೆ ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ಶರಣಾರ್ಥಿ ಎಂದರೂ ಮೊಗದಲ್ಲಿ ನಗು ಮೂಡಲಿಲ್ಲ. ನಮ್ಮ ಮೇಲೆ ಮುನಿದಿದ್ದಾರೆಂದೇ ಬಗೆದೆವು. ಅದು ಮುನಿಸಲ್ಲ, ಮುಖದ ಸ್ನಾಯುಗಳನ್ನೂ ಬಿಗಿಯುವ ಪಾರ್ಕಿನ್ಸನ್ ಬೇನೆಯ ಲಕ್ಷಣವೆಂದು ಮನೆಯವರಿಂದ ತಿಳಿಯಿತು. ಸೊಸೆ ಹೇಳಿದ ಮಾತು ನಮ್ಮನ್ನು ಇನ್ನಷ್ಟು ಯೋಚನೆಗೆ ಹಚ್ಚಿತು: "ಮಾವಾರು ಎಲ್ಲಿ ಬೀಳ್ತಾರೋ ಅಂತ ಹೆದರಿಕೆ ಶಾಸ್ತ್ರಿಗಳೇ, ಅದಕ್ಕೇ ಕುರ್ಚಿ ಬಿಟ್ಟು ಏಳೋಕೇ ಬಿಡೋದಿಲ್ಲ."

ಪ್ರೀತಿಯಿಂದಲೇ ಹೀಗೆ ಕೂರಿಸುತ್ತಾರೆ. ಆದರೆ ಕೂತಷ್ಟೂ ಕಾಲು ಸೋಲುತ್ತದೆ, ಸೋತ ಕಾಲು ಬೇಗ ಎಡವುತ್ತದೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಬೇನೆಯನ್ನು ಕುರಿತು ಪ್ರಬಂಧ ಬರೆದುದರಿಂದ ಅದಕ್ಕೆ ಆತನ ಹೆಸರು ಬಂದಿತು. ನಮ್ಮವರಿಗೂ ಇದು ಅಪರಿಚಿತವಾಗಿರಲಿಲ್ಲ. ವೀರಶೈವ ವೈದ್ಯ ಬಸವರಾಜನ 'ಬಸವರಾಜೀಯ'ದಲ್ಲಿ ಕೈಕಾಲುಗಳ ನಡುಕ, ನಿದ್ರಾಭಂಗ, ಬುದ್ಧಿ ಕುಂದುವಿಕೆಗಳನ್ನು ಕಂಪವಾತದ ಲಕ್ಷಣಗಳಾಗಿ ಹೇಳಿದೆ. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಾಶವಾಗುವುದರಿಂದ ಇದು ಉಂಟಾಗುತ್ತದೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ನಡುಕವೇ ಎಲ್ಲರ ಕಣ್ಣಿಗೆ ಬೀಳುವುದು; ಆದರೆ ಚಲನೆ ನಿಧಾನವಾಗುವುದು, ಮೈ ಬಿಗಿಯುವುದು, ತೂಕ ತಪ್ಪುವುದು ಹೆಚ್ಚು ಅಪಾಯಕರ. ಕೆಲವರ ಹೆಜ್ಜೆ ಹೊಸ್ತಿಲಿನ ಬಳಿ ಬಂದೊಡನೆ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಮೈ ಮುಂದಕ್ಕೆ ಹೋಗುತ್ತದೆ, ಕಾಲು ಹಿಂದೆಯೇ ಉಳಿಯುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಬೀಳುವುದೆಂದರೆ ಏನೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಪಾಚಿಗಟ್ಟಿದ ಅಂಗಳ, ಎತ್ತರದ ಮೆಟ್ಟಿಲು, ತೋಟದ ಕಾಲುವೆಗೆ ಹಾಕಿದ ಅಡಿಕೆ ಮರದ ಸಂಕ. ಮನೆಯಿಂದ ಮನೆಗೆ ದೂರ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿಗೆ ಶಿರಸಿಯಿಂದಲೇ ಸುಮಾರು ನೂರು ಕಿಲೋಮೀಟರು. ಸೊಂಟದ ಮೂಳೆ ಒಮ್ಮೆ ಮುರಿದರೆ ಹಾಸಿಗೆಯಿಂದ ಏಳದವರನ್ನು ನಾವು ಕಂಡಿದ್ದೇವೆ. ಆದುದರಿಂದಲೇ ದೂರದ ಚೀನದ ವಿದ್ಯೆಯೊಂದನ್ನು ಇಲ್ಲಿ ಪ್ರಸ್ತಾಪಿಸಲು ಬಯಸಿದೆವು.

ಅದರ ಹೆಸರು ತಾಯ್ ಚಿ. ಮೂಲದಲ್ಲಿ ಅದು ಮಲ್ಲವಿದ್ಯೆಯಂತಹ ಕಾಳಗದ ಕಲೆ. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ಹದಿನೇಳನೆಯ ಶತಮಾನದ ಹೊತ್ತಿಗೆ ಬೆಳೆಯಿತೆನ್ನುತ್ತಾರೆ. 1956ರಲ್ಲಿ ಚೀನದ ಸರ್ಕಾರವು ಜನಸಾಮಾನ್ಯರಿಗಾಗಿ 24 ಭಂಗಿಗಳ ಸರಳ ಕ್ರಮವನ್ನು ರೂಪಿಸಿತು. 2020ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಇದನ್ನು ಸೇರಿಸಿತು. ಭಂಗಿಗಳ ಹೆಸರುಗಳೂ ಸೊಗಸು: ಮೋಡದಂತೆ ಕೈಯಾಡಿಸುವುದು, ಕಾಡುಕುದುರೆಯ ಕೇಸರವನ್ನು ಬಿಡಿಸುವುದು. ಮೊಣಕಾಲು ತುಸು ಬಾಗಿರಬೇಕು, ಬೆನ್ನು ನೇರವಿರಬೇಕು. ಹಿಮ್ಮಡಿಯನ್ನು ಮೊದಲು ಊರಿ, ಪಾದ ನೆಲದಲ್ಲಿ ನೆಲೆಗೊಂಡ ಮೇಲೆಯೇ ಮೈಯ ಭಾರವನ್ನು ಅದರ ಮೇಲೆ ಮೆಲ್ಲನೆ ಬಿಡಬೇಕು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಸಾಗಿಸುವುದೇ ಈ ವಿದ್ಯೆಯ ಜೀವಾಳ. ಕಂಪವಾತದವರು ಮರೆಯುವುದೂ ಅದನ್ನೇ.

2012ರಲ್ಲಿ ಅಮೆರಿಕದ ಆರೆಗನ್ನಿನ ಫುಝೊಂಗ್ ಲೀ ಮತ್ತು ಸಂಗಡಿಗರು 195 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮೂರು ಗುಂಪು, ಒಂದಕ್ಕೆ ತಾಯ್ ಚಿ, ಒಂದಕ್ಕೆ ಭಾರದ ವ್ಯಾಯಾಮ, ಒಂದಕ್ಕೆ ಮೈ ಚಾಚುವ ವ್ಯಾಯಾಮ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ. ಸಮತೋಲದಲ್ಲಿ ತಾಯ್ ಚಿ ಕಲಿತವರೇ ಮುಂದಾದರು. ಮೈ ಚಾಚಿದವರಿಗಿಂತ ಇವರು ಬಿದ್ದುದು ಕಡಿಮೆ. ಭಾರದ ವ್ಯಾಯಾಮ ಮಾಡಿದವರೊಡನೆ ಹೋಲಿಸಿದಾಗ ಬೀಳುವುದರಲ್ಲಿ ಅಂತಹ ಅಂತರ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಶಾಂಘೈಯ ವೈದ್ಯರು ಹಲವು ವರ್ಷ ರೋಗಿಗಳನ್ನು ಗಮನಿಸಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಭ್ಯಾಸ ಮುಂದುವರಿಸಿದವರಲ್ಲಿ ಬೇನೆಯ ಏರಿಕೆ ನಿಧಾನವಾಗಿತ್ತು. ಬೇನೆ ವಾಸಿಯಾಯಿತೆಂದು ಯಾರೂ ಹೇಳಿಲ್ಲ. ಹಾಗೆ ಹೇಳಿ ಹಣ ಕೇಳುವವರನ್ನು ಮನೆಯ ಬಾಗಿಲಿನಿಂದಲೇ ಕಳುಹಿಸಿರಿ.

ನಮ್ಮಲ್ಲಿ ಯೋಗವಿರುವಾಗ ಚೀನದ ಹಂಗೇಕೆಂದು ಕೆಲವರು ಕೇಳಿಯಾರು. ಯೋಗವೂ ಒಳ್ಳೆಯದೇ. ಆದರೆ ನಮಗೆ ಪರಿಚಿತವಾದ ಆಸನಗಳಲ್ಲಿ ಹಲವು ಕುಳಿತು, ಮಲಗಿ, ಅಲುಗದೆ ಮಾಡತಕ್ಕವು. ಬೀಳುವವನಿಗೆ ಬೇಕಾದುದು ನಿಂತು ಚಲಿಸುವ ಅಭ್ಯಾಸ.

ತಾಯ್ ಚಿ ಕಲಿಸುವವರು ಊರೂರಿನಲ್ಲಿ ಸಿಗುವುದಿಲ್ಲ. ವೈದ್ಯರ ಒಪ್ಪಿಗೆ ಪಡೆದು, ಮನೆಯ ಕಿರಿಯರೊಬ್ಬರು ಪಟ್ಟಣದ ಫಿಸಿಯೋಥೆರಪಿಯವರಿಂದ ಭಾರ ಸಾಗಿಸುವ ನಾಲ್ಕು ನಡೆಗಳನ್ನು ಕಲಿತು ಬಂದರೂ ಆರಂಭಕ್ಕೆ ಸಾಕು. ಜಗಲಿಯ ಕಂಬ ಕೈಗೆಟಕುವಂತಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮಾತ್ರೆಯ ಗುಣ ಮೈಗೆ ಹತ್ತಿದ ಹೊತ್ತಿನಲ್ಲಿ ಮಾಡಿಸಿರಿ. ಎದ್ದೊಡನೆ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು. ಮೊದಲು ಎರಡು ನಿಮಿಷ ಕಾಲು ಇಳಿಬಿಟ್ಟು ಕುಳಿತುಕೊಳ್ಳಲಿ. ನಿಲ್ಲಲಾರದವರು ಕುಳಿತೇ ಕೈಯಾಡಿಸಬಹುದು. ಹೊಸ್ತಿಲ ಬಳಿ ಹೆಜ್ಜೆ ಕಟ್ಟುವವರಿಗೆ ನೆಲದ ಮೇಲೆ ಅಡ್ಡಗೆರೆಗಳನ್ನೆಳೆದರೆ ಅವನ್ನು ದಾಟುವ ನೆಪದಲ್ಲಿ ಕಾಲು ಏಳುತ್ತದೆ. ರಂಗೋಲಿಯ ಪುಡಿ ಯಾರ ಮನೆಯಲ್ಲಿಲ್ಲ?

ಇನ್ನೊಂದು ಮಾತು. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಲೆವೊಡೋಪ ಇದೆಯೆಂಬುದನ್ನು 1937ರಲ್ಲೇ ಭಾರತೀಯರಾದ ದಾಮೋದರನ್, ರಾಮಸ್ವಾಮಿಯವರು ಬೀಜದಿಂದ ಬೇರ್ಪಡಿಸಿ ತೋರಿಸಿದರು. ಇಂದಿನ ಮಾತ್ರೆಯೂ ಅದೇ ದ್ರವ್ಯದ್ದು. ಅಷ್ಟು ಮಾತ್ರಕ್ಕೆ ಮಾತ್ರೆಯ ಜೊತೆ ಬೀಜವನ್ನೂ ಅರೆದು ಕುಡಿದರೆ ಪ್ರಮಾಣ ಮೀರುತ್ತದೆ. ವೈದ್ಯರಿಗೆ ತಿಳಿಸದೆ ಹೀಗೆ ಮಾಡಬಾರದು. ವ್ಯಾಯಾಮ ಹಿಡಿಸಿತೆಂದು ಮಾತ್ರೆಯನ್ನೂ ಬಿಡಬಾರದು.

ದೀಪಾವಳಿಯ ತರುವಾಯ ಆ ಮನೆಗೆ ಮತ್ತೆ ಹೋದೆವು. ಕೈ ಹಾಗೆಯೇ ನಡುಗುತ್ತಿತ್ತು. ಆದರೆ ಹಿರಿಯರು ಕಂಬದ ಪಕ್ಕದಲ್ಲಿ ನಿಂತು, ಮೊಮ್ಮಗಳು ಒಂದು, ಎರಡು ಎಂದು ಎಣಿಸಿದಂತೆ, ಭಾರವನ್ನು ಎಡಕ್ಕೂ ಬಲಕ್ಕೂ ಸಾಗಿಸುತ್ತಿದ್ದರು. ಅಂಗಳಕ್ಕಿಳಿದು ಬಚ್ಚಲಿನವರೆಗೆ ತಾವೇ ಹೋಗುತ್ತಾರಂತೆ. ಸಂಕ ದಾಟುವ ಮಾತನ್ನು ಇನ್ನೂ ಯಾರೂ ಎತ್ತಿಲ್ಲ. ಮಗ ಮಾತ್ರ ಅದರ ಒಂದು ಬದಿಗೆ ಬಿದಿರಿನ ಆಸರೆ ಕಟ್ಟಿಟ್ಟಿದ್ದಾನೆ.