ಮೊಬೈಲ್ ನೋಡಿದರೆ ಕಣ್ಣು ಉರಿಯುವುದೇಕೆ?

ಗೆಳೆಯನ ಜೊತೆ ಮಾತಾಡುತ್ತಾ ಒಂದು ನಿಮಿಷದಲ್ಲಿ ಅವನು ಎಷ್ಟು ಸಲ ರೆಪ್ಪೆ ಬಡಿಯುತ್ತಾನೆಂದು ಎಣಿಸಿ. ಸುಮಾರು 15 ಸಲ ಆಗಬಹುದು. ಈಗ ಅವನ ಕೈಗೆ ಮೊಬೈಲ್ ಕೊಟ್ಟು ಮತ್ತೆ ಎಣಿಸಿ. ಸಾಮಾನ್ಯವಾಗಿ ತುಂಬಾ ಕಡಿಮೆಯಾಗುತ್ತದೆ. (ಎಣಿಸುತ್ತಿದ್ದೀರಿ ಅಂತ ಹೇಳಬೇಡಿ, ಬೇಕೆಂದೇ ಬಡಿಯುತ್ತಾನೆ!)

ಪ್ರತಿ ಸಲ ರೆಪ್ಪೆ ಮುಚ್ಚಿದಾಗಲೂ ಕಣ್ಣೀರಿನ ತೆಳು ಪದರ ಕಾರ್ನಿಯಾದ ಮೇಲೆ ಹರಡುತ್ತದೆ. ರೆಪ್ಪೆ ಬಡಿಯದಿದ್ದರೆ ಅದು ಅಲ್ಲಲ್ಲಿ ಒಣಗುತ್ತದೆ. ಉರಿ, ಮರಳು ಬಿದ್ದಂತೆ ಚುಚ್ಚುವುದು ಅದಕ್ಕೇ. ಕಣ್ಣು ಸೋತು ತಲೆ ನೋಯುವುದಕ್ಕೆ ಇನ್ನೊಂದು ಕಾರಣವಿದೆ. ಹತ್ತಿರದ ವಸ್ತು ನೋಡುವಷ್ಟು ಹೊತ್ತೂ ಕಣ್ಣಿನೊಳಗಿನ ಸಿಲಿಯರಿ ಸ್ನಾಯು ಸಂಕುಚಿಸಿಯೇ ಇರಬೇಕು. ಆಗಲೇ ಮಸೂರ ದಪ್ಪವಾಗುವುದು. ದೂರ ನೋಡಿದಾಗ ಅದಕ್ಕೆ ಬಿಡುವು. ಅದಕ್ಕೇ ಕಣ್ಣಿನ ಡಾಕ್ಟರು 20 ನಿಮಿಷಕ್ಕೊಮ್ಮೆ, 20 ಅಡಿ (ಸುಮಾರು 6 ಮೀಟರ್) ಆಚೆಯ ತೆಂಗಿನಮರವನ್ನೋ ಮತ್ತೊಂದನ್ನೋ 20 ಸೆಕೆಂಡ್ ನೋಡಿ ಅನ್ನುವುದು.

ನೀಲಿ ಬೆಳಕು ತಡೆಯುವ ಕನ್ನಡಕ ಬೇಕಾ? 2023ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ 17 ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಪರಿಶೀಲಿಸಿದಾಗ, ಕಣ್ಣಿನ ಆಯಾಸದ ಮಟ್ಟಿಗೆ ಅದರಿಂದ ವಿಶೇಷ ಪ್ರಯೋಜನ ಕಾಣಲಿಲ್ಲ. ಅಪ್ಪನ ದುಡ್ಡು ಉಳಿಸಿ.

ಈ ಉರಿ, ಆಯಾಸ ವಿಶ್ರಾಂತಿ ಕೊಟ್ಟರೆ ಹೋಗುತ್ತದೆ. ಆದರೆ ಮೊಬೈಲ್ ಮುಟ್ಟದ ದಿನವೂ ಬೋರ್ಡಿನ ಅಕ್ಷರ ಮಸುಕಾಗಿದ್ದರೆ ಅದು ಬರೀ ಆಯಾಸವಲ್ಲ, ಸಮೀಪದೃಷ್ಟಿ ಇರಬಹುದು. "ಮೊಬೈಲ್ ನೋಡಿದ್ದಕ್ಕೇ ಹೀಗಾಯ್ತು ಅಂತ ಬೈತಾರೆ" ಎಂದು ಹೆದರಿ ಮುಚ್ಚಿಡಬೇಡಿ. ಮನೆಯಲ್ಲಿ ಹೇಳಿ, ಕಣ್ಣು ಪರೀಕ್ಷೆ ಮಾಡಿಸಿ. ಮೊದಲು ಹೇಳಲು ಭಯವಾದರೆ ನಿಮ್ಮ ಟೀಚರಿಗೆ ಹೇಳಿ.